ಕಡಲಿನ ಬಿಸಿ ಬಾವಿಗಳು: ಬಂಡೆ ಸೀಳುವುದು, ಬಾವಿ ಟೆಸ್ಟ್ ಮಾಡುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಎಚ್‌ಪಿಎಚ್‌ಟಿ ಬಾವಿ ಅಂದರೆ ಯಾವುದು?

ಹೈ ಪ್ರೆಶರ್, ಹೈ ಟೆಂಪರೇಚರ್ ಬಾವಿ. ಸುಮ್ನೆ "ತುಂಬಾ ಬಿಸಿ" ಅಂದರೆ ಆಗಲ್ಲ, ಅದಕ್ಕೊಂದು ಗೆರೆ ಇದೆ. ಬ್ರಿಟನ್ ಎಳೆದ ಗೆರೆಯನ್ನೇ ಬಹಳ ಕಡೆ ಬಳಸುತ್ತಾರೆ. ಬಾವಿಯ ತಳದಲ್ಲಿ 149 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಇರಬೇಕು. ಜೊತೆಗೆ ಬಂಡೆಯೊಳಗಿನ ಒತ್ತಡ ಪ್ರತಿ ಅಡಿ ಆಳಕ್ಕೆ 0.8 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಭಾರ ಅನ್ನುವ ಅಳತೆ) ದಾಟಬೇಕು, ಇಲ್ಲವೇ 10,000 ಪಿಎಸ್‌ಐಗಿಂತ ಗಟ್ಟಿಯಾದ ಬಿಓಪಿ ಬೇಕಾಗಬೇಕು. ಬಿಓಪಿ ಅಂದರೆ ಬ್ಲೋಔಟ್ ಪ್ರಿವೆಂಟರ್. ಬಾವಿ ಕೈಮೀರಿದಾಗ ಅದರ ಬಾಯಿ ಮುಚ್ಚುವ ಭಾರೀ ಕವಾಟಗಳ ಕಂಬ.

ಕಾರಿನ ಟೈರಿನಲ್ಲಿ 30-35 ಪಿಎಸ್‌ಐ ಇರುತ್ತದೆ. ಉತ್ತರ ಸಮುದ್ರದ ಎಲ್ಜಿನ್-ಫ್ರ್ಯಾಂಕ್ಲಿನ್ ನಿಕ್ಷೇಪದಲ್ಲಿ ಮೊದಲಿಗೆ ಇದ್ದದ್ದು ಸುಮಾರು 1,100 ಬಾರ್, ಅಂದರೆ 16,000 ಪಿಎಸ್‌ಐ ಹತ್ತಿರ. ಬಿಸಿ ಸುಮಾರು 190 ಡಿಗ್ರಿ ಸೆಲ್ಸಿಯಸ್.

ನೆಲದಡಿಯಲ್ಲಿ ಅಷ್ಟು ಒತ್ತಡ ಎಲ್ಲಿಂದ ಬರುತ್ತದೆ?

ಬಿಸಿಯ ಕಥೆ ಸುಲಭ. ಒಂದು ಕಿಲೋಮೀಟರ್ ಕೆಳಗಿಳಿದರೆ ಸುಮಾರು 25-30 ಡಿಗ್ರಿ ಏರುತ್ತದೆ. ಐದು ಕಿಲೋಮೀಟರ್ ಇಳಿದರೆ ಗೆರೆಯ ಹತ್ತಿರ ಬಂದಂತೆಯೇ.

ಒತ್ತಡದ ಕಥೆ ಬೇರೆ. ಮಾಮೂಲಿ ಬಂಡೆಯಲ್ಲಿ ನೀರಿನ ಕಂಬದ ಭಾರ ಮಾತ್ರ ಇರುತ್ತದೆ, ಅಡಿಗೆ ಸುಮಾರು 0.45 ಪಿಎಸ್‌ಐ. ಆದರೆ ನದಿಗಳು ಲಕ್ಷಾಂತರ ವರ್ಷ ಬೇಗ ಬೇಗ ಹೂಳು ತಂದು ಸುರಿದ ಕಡೆ ಜೇಡಿಪದರಗಳ ನೀರಿಗೆ ಹೊರಗೆ ಹೋಗಲು ಪುರುಸೊತ್ತೇ ಸಿಗುವುದಿಲ್ಲ. ಮೇಲೆ ಹೊಸ ಹೂಳು ಕೂರುತ್ತಾ ಹೋಗುತ್ತದೆ, ಒಳಗೆ ಸಿಕ್ಕಿಬಿದ್ದ ನೀರು ಆ ಭಾರವನ್ನೂ ಹೊರಬೇಕಾಗುತ್ತದೆ. ಅದರ ಮೇಲೆ ಗ್ಯಾಸ್ ಹುಟ್ಟಿತು ಅಂದರೆ ಒತ್ತಡ ಇನ್ನೂ ಏರುತ್ತದೆ. ಮೇಲಿನ ಬಂಡೆಯ ಪೂರ್ತಿ ಭಾರ ಅಡಿಗೆ ಸುಮಾರು 1 ಪಿಎಸ್‌ಐ. ಒಳಗಿನ ದ್ರವದ ಒತ್ತಡ 0.85ಕ್ಕೆ ಬಂತು ಅಂದರೆ, ಬಂಡೆ ಸೀಳಿಹೋಗುವ ಅಂಚಿಗೆ ಬಂದು ನಿಂತಿದೆ ಅಂತಲೇ ಅರ್ಥ.

ಡ್ರಿಲ್ಲಿಂಗ್ ಮಾಡುವವರಿಗೆ ನಿಜವಾದ ತಲೆನೋವು ಇದೇ. ಕೊರೆಯುವಾಗ ಬಾವಿಯಲ್ಲಿ ತುಂಬುವ ಭಾರದ ಕೆಸರಿನಂಥ ದ್ರವಕ್ಕೆ ಮಡ್ ಅನ್ನುತ್ತಾರೆ. ಅದರ ತೂಕ ಸ್ವಲ್ಪ ಕಡಿಮೆಯಾದರೆ ಗ್ಯಾಸ್ ಒಳಗೆ ನುಗ್ಗುತ್ತದೆ. ಸ್ವಲ್ಪ ಜಾಸ್ತಿಯಾದರೆ ಬಂಡೆ ಸೀಳಿ ಮಡ್ ಅದರೊಳಗೆ ಓಡಿಹೋಗುತ್ತದೆ. ಈ ಎರಡರ ನಡುವಿನ ಜಾಗಕ್ಕೆ "ಕಿಟಕಿ" ಅನ್ನುತ್ತಾರೆ. ಎಚ್‌ಪಿಎಚ್‌ಟಿ ಬಾವಿಯಲ್ಲಿ ಅದು ಕಿಟಕಿಯಲ್ಲ, ಬಿರುಕು.

ಡ್ರಿಲ್ಲಿಂಗ್‌ನಲ್ಲೇ ಗ್ಯಾಸ್ ಸಿಕ್ಕಿತಲ್ಲ, ಮತ್ತೆ ಟೆಸ್ಟ್ ಯಾಕೆ?

ಇದು ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಬಂಡೆಯ ಗುಣ ಅಳೆಯುವ ಲಾಗ್ ಉಪಕರಣಗಳನ್ನು ಬಾವಿಗೆ ಇಳಿಸಿದರೆ ಬಂಡೆಯಲ್ಲಿ ರಂಧ್ರ ಎಷ್ಟು, ಅದರಲ್ಲಿ ಗ್ಯಾಸ್ ಎಷ್ಟು ಪಾಲು, ನೀರು ಎಷ್ಟು ಪಾಲು ಅಂತ ಅಂದಾಜು ಸಿಗುತ್ತದೆ. ಗ್ಯಾಸ್ *ಇದೆ* ಅಂತ ಲಾಗ್ ಹೇಳುತ್ತದೆ. *ಬರುತ್ತದಾ* ಅಂತ ಹೇಳುವುದಿಲ್ಲ. ಬಾವಿಯನ್ನು ಹರಿಸಿ ನೋಡುವ ತನಕ ಎಲ್ಲವೂ ಕಾಗದದ ಮೇಲಿನ ಗ್ಯಾಸ್.

ಕೃಷ್ಣಾ-ಗೋದಾವರಿ ಕಡಲಿನ ದೀನ್ ದಯಾಳ್ ನಿಕ್ಷೇಪ ಇದಕ್ಕೆ ದೊಡ್ಡ ಉದಾಹರಣೆ. 2005ರಲ್ಲಿ ಅಲ್ಲಿ 20 ಲಕ್ಷ ಕೋಟಿ ಘನ ಅಡಿ ಗ್ಯಾಸ್ ಇದೆ ಎಂಬ ಘೋಷಣೆ ಬಂತು. ಬಂಡೆ ಮಾತ್ರ ಬಿಗಿ ಮರಳುಗಲ್ಲು, ಒತ್ತಡ ಮತ್ತು ಬಿಸಿ ಎರಡೂ ಜಾಸ್ತಿ. ಮುಂದೆ ಪಶ್ಚಿಮ ಭಾಗದ ಅಭಿವೃದ್ಧಿ ಯೋಜನೆಯಲ್ಲಿ ಲೆಕ್ಕಕ್ಕೆ ಬಂದ ನಿಕ್ಷೇಪ ಸುಮಾರು 2 ಲಕ್ಷ ಕೋಟಿ ಘನ ಅಡಿ. ಬಾವಿಗಳಿಗೆ ಹೈಡ್ರಾಲಿಕ್ ಫ್ರ್ಯಾಕ್ಚರಿಂಗ್ ಬೇಕಾಯಿತು, ಅಂದರೆ ದ್ರವ ಒತ್ತಿ ಬಂಡೆ ಸೀಳುವುದು. ಚಿಕ್ಕದಾಗಿ ಫ್ರ್ಯಾಕ್ ಅನ್ನುತ್ತಾರೆ. 2017ರಲ್ಲಿ ಅದರ ಶೇ 80ರಷ್ಟು ಪಾಲು ಓಎನ್‌ಜಿಸಿ ಕೈಗೆ ಹೋಯಿತು. ಗ್ಯಾಸ್ ಸುಳ್ಳಾಗಿರಲಿಲ್ಲ. ಅದು ಬಂಡೆ ಬಿಟ್ಟು ಬರಲು ಒಪ್ಪಲಿಲ್ಲ, ಅಷ್ಟೆ.

ಒತ್ತಡ ಅಷ್ಟು ಜಾಸ್ತಿ ಇದ್ದರೆ ಗ್ಯಾಸ್ ತಾನಾಗಿಯೇ ನುಗ್ಗಿ ಬರಬೇಕಲ್ವಾ?

ಬಾಗಿಲು ಇದ್ದರೆ ಬರುತ್ತದೆ. ಬಂಡೆಯಲ್ಲಿ ರಂಧ್ರ ಇರುವುದು ಒಂದು, ಆ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿರುವುದು ಇನ್ನೊಂದು. ಎರಡನೆಯದನ್ನು ಅಳೆಯುವ ಮಾನಕ್ಕೆ ಡಾರ್ಸಿ ಅಂತ ಹೆಸರು. 1856ರಲ್ಲಿ ಮರಳಿನ ಮೂಲಕ ನೀರು ಸೋರುವುದನ್ನು ಅಳೆದು ಬರೆದಿಟ್ಟ ಫ್ರೆಂಚ್ ಎಂಜಿನಿಯರ್ ಆನ್ರಿ ಡಾರ್ಸಿಯ ಹೆಸರದು. ಸಡಿಲ ಮರಳಿನದು ಹಲವು ಡಾರ್ಸಿ. ಬಿಗಿ ಮರಳುಗಲ್ಲಿನದು 0.1 ಮಿಲಿಡಾರ್ಸಿಗಿಂತಲೂ ಕಡಿಮೆ. ಹತ್ತಾರು ಸಾವಿರ ಪಟ್ಟು ವ್ಯತ್ಯಾಸ.

ಇನ್ನೊಂದು ವಿಷಯ. ಸುತ್ತ ನೂರಾರು ಮೀಟರ್‌ನಿಂದ ಬರುವ ಗ್ಯಾಸ್ ಎಲ್ಲವೂ ಕೊನೆಗೆ ಒಂದು ಗೇಣಗಲದ ತೂತಿನ ಸುತ್ತಲೇ ಸೇರಬೇಕು. ಹತ್ತಿರ ಬಂದಷ್ಟೂ ಇಕ್ಕಟ್ಟು. ಸಾಲದ್ದಕ್ಕೆ ಅದೇ ಜಾಗದಲ್ಲಿ ಡ್ರಿಲ್ಲಿಂಗ್ ಮಡ್ ಇಳಿದು ರಂಧ್ರ ಕಟ್ಟಿಕೊಂಡಿರುತ್ತದೆ. ಬಂಡೆ ಸೀಳುವುದು ಇದಕ್ಕೇ. ಬಾವಿಯಿಂದ ಎರಡೂ ಕಡೆಗೆ ಹತ್ತಾರು ಮೀಟರ್ ಚಾಚುವ, ಕೆಲವೇ ಮಿಲಿಮೀಟರ್ ದಪ್ಪದ ಒಂದು ಸೀಳು ಸಿಕ್ಕರೆ ಸಾಕು. ಗ್ಯಾಸ್ ತೂತನ್ನು ಹುಡುಕಿಕೊಂಡು ಬರುವ ಬದಲು ಅಗಲವಾದ ಗೋಡೆಯೊಂದಕ್ಕೆ ಬಂದು ಸೇರುತ್ತದೆ.

ಈ ಉಪಾಯ ಹೊಸದೇನಲ್ಲ. 1947ರಲ್ಲಿ ಅಮೆರಿಕದ ಕಾನ್ಸಸ್‌ನ ಹ್ಯೂಗಟನ್ ಗ್ಯಾಸ್ ಕ್ಷೇತ್ರದಲ್ಲಿ ಮೊದಲ ಪ್ರಯೋಗ ನಡೆಯಿತು. ಆಗ ಬಳಸಿದ್ದು ಮಂದ ಮಾಡಿದ ಗ್ಯಾಸೋಲಿನ್! ಇವತ್ತು ಯಾರಾದರೂ ರಿಗ್ (ಬಾವಿ ಕೊರೆಯುವ ಕಟ್ಟೆ) ಮೇಲೆ ಆ ಮಾತೆತ್ತಿದರೆ ಮುಂದಿನ ಹೆಲಿಕಾಪ್ಟರ್‌ನಲ್ಲೇ ಮನೆಗೆ ಕಳಿಸುತ್ತಾರೆ.

ಬಂಡೆ ಸೀಳಲು ಎಷ್ಟು ಒತ್ತಡ ಬೇಕು? ಲೆಕ್ಕ ತೋರಿಸಿ.

ಒಂದು ಕಾಲ್ಪನಿಕ ಬಾವಿ ತೆಗೆದುಕೊಳ್ಳೋಣ. ಆಳ 5,000 ಮೀಟರ್, ಅಂದರೆ ಸುಮಾರು 16,400 ಅಡಿ. ಬಂಡೆ ಸೀಳುವ ಒತ್ತಡ ಅಡಿಗೆ 0.95 ಪಿಎಸ್‌ಐ ಅಂತಿಟ್ಟುಕೊಳ್ಳಿ. ತಳದಲ್ಲಿ ಸುಮಾರು 15,600 ಪಿಎಸ್‌ಐ ಬೇಕು.

ಇದಷ್ಟನ್ನೂ ಪಂಪೇ ಕೊಡಬೇಕಿಲ್ಲ. ಪೈಪಿನಲ್ಲಿ ತುಂಬಿದ ನೀರಿನ ಭಾರವೇ ಸುಮಾರು 7,100 ಪಿಎಸ್‌ಐ ಕೊಡುತ್ತದೆ. ಉಳಿದದ್ದು 8,500. ಆದರೆ ಕಿರಿದಾದ ಪೈಪಿನಲ್ಲಿ ಜೋರಾಗಿ ಪಂಪ್ ಮಾಡಿದಾಗ ಉಜ್ಜಾಟಕ್ಕೇ ಒಂದಿಷ್ಟು ಹೋಗುತ್ತದೆ, 2,500 ಅನ್ನೋಣ. ಒಟ್ಟು ಮೇಲ್ಗಡೆ ಸುಮಾರು 11,000 ಪಿಎಸ್‌ಐ. ಇದು ಎಲ್ಲ ಸರಿಯಾಗಿ ನಡೆದಾಗಿನ ಲೆಕ್ಕ. ಎಡವಟ್ಟಾದರೆ ಇನ್ನೂ ಏರುತ್ತದೆ. ಹಾಗಾಗಿ ಹೋಸ್, ವಾಲ್ವ್, ಬಾವಿಯ ಬಾಯಿಗೆ ಕೂರಿಸುವ ವೆಲ್‌ಹೆಡ್ ಎಲ್ಲವೂ 15,000 ಪಿಎಸ್‌ಐ ದರ್ಜೆಯದ್ದಾಗಿರಬೇಕು.

ಇಲ್ಲೊಂದು ಜಾಣತನ ಇದೆ. ನೀರಿನ ಬದಲು ಸೋಡಿಯಂ ಬ್ರೋಮೈಡ್ ಉಪ್ಪುನೀರಿನಲ್ಲಿ ಜೆಲ್ ಮಾಡಿದರೆ ದ್ರವ ಸುಮಾರು ಒಂದೂವರೆ ಪಟ್ಟು ಭಾರವಾಗುತ್ತದೆ. ಆಗ ಅದರ ಕಂಬವೇ ಸುಮಾರು 10,500 ಪಿಎಸ್‌ಐ ಕೊಡುತ್ತದೆ. ಮೇಲಿನ ಒತ್ತಡ 11,000ದಿಂದ 7,600ಕ್ಕೆ ಇಳಿಯಿತು! ಪಂಪಿನ ಕೆಲಸವನ್ನು ಭೂಮಿಯ ಸೆಳೆತದಿಂದಲೇ ಮಾಡಿಸಿಕೊಂಡ ಹಾಗೆ. ಬ್ರೋಮೈಡ್ ದುಬಾರಿ ನಿಜ. ಆದರೆ ಇನ್ನೂ ಗಟ್ಟಿಯಾದ ಉಪಕರಣ ಹುಡುಕಿಕೊಂಡು ಅಲೆಯುವುದಕ್ಕಿಂತ ವಾಸಿ.

ಆ ದ್ರವದಲ್ಲಿ ಏನೇನು ಹಾಕುತ್ತಾರೆ?

ಹೆಚ್ಚು ಭಾಗ ನೀರು. ಅದನ್ನು ಮಂದ ಮಾಡಲು ಗುವಾರ್ ಗೋಂದು, ಅಂದರೆ ನಮ್ಮ ಗೋರಿಕಾಯಿಯ ಬೀಜದ ಪುಡಿ. ಜಗತ್ತಿನ ಸುಮಾರು ಶೇ 80ರಷ್ಟು ಗುವಾರ್ ಬೆಳೆಯುವುದು ಭಾರತದಲ್ಲಿ, ಅದರಲ್ಲೂ ಬಹುಪಾಲು ರಾಜಸ್ಥಾನದಲ್ಲಿ. ಮರಳುಗಾಡಿನ ಬೆಳೆಯೊಂದು ಕಡಲ ತಳದ ಕೆಳಗೆ ಬಂಡೆ ಸೀಳಲು ಹೋಗುತ್ತದೆ.

ಗುವಾರ್ ಸರಪಳಿಗಳನ್ನು ಒಂದಕ್ಕೊಂದು ಗಂಟು ಹಾಕಲು ಕ್ರಾಸ್‌ಲಿಂಕರ್ ಬೇಕು. ಕಡಿಮೆ ಬಿಸಿಗೆ ಬೋರೇಟ್ ಸಾಕು. ಬಿಸಿ ಏರಿದರೆ ಜಿರ್ಕೋನಿಯಂ ಇಲ್ಲವೇ ಟೈಟಾನಿಯಂ ಸಂಯುಕ್ತಗಳು ಬೇಕು. ಸುಮಾರು 175-180 ಡಿಗ್ರಿ ದಾಟಿದ ಮೇಲೆ ಗುವಾರ್ ಕೈಚೆಲ್ಲುತ್ತದೆ, ಕೃತಕ ಪಾಲಿಮರ್‌ಗಳಿಗೆ ಹೋಗಬೇಕು.

ಕೆಲಸದ ಸೂಕ್ಷ್ಮ ಇರುವುದು ಸಮಯದಲ್ಲಿ. ಜೆಲ್ ಪೈಪಿನಲ್ಲೇ ಪೂರ್ತಿ ಗಟ್ಟಿಯಾದರೆ ಉಜ್ಜಾಟ ವಿಪರೀತವಾಗುತ್ತದೆ. ಹಾಗಾಗಿ ತಳಕ್ಕೆ ಮುಟ್ಟುವ ಹೊತ್ತಿಗೆ ಮಾತ್ರ ಗಟ್ಟಿಯಾಗಬೇಕು. ಅಲ್ಲಿ, ಸೀಳು ಮುಚ್ಚದಂತೆ ತಡೆಯುವ ಮರಳನ್ನು ಹೊತ್ತುಕೊಂಡು ಒಂದೆರಡು ಗಂಟೆ ತಾಳಬೇಕು. ಆಮೇಲೆ ಕರಗಿ ನೀರಾಗಿ ವಾಪಸ್ ಬರಬೇಕು, ಇಲ್ಲದಿದ್ದರೆ ಸೀಳಿನಲ್ಲೇ ಕೂತು ಗ್ಯಾಸಿಗೆ ಅಡ್ಡವಾಗುತ್ತದೆ. ಕರಗಿಸಲು ಬ್ರೇಕರ್ ಅಂತ ಇನ್ನೊಂದು ಪದಾರ್ಥ. ಗಟ್ಟಿಯಾಗು, ತಾಳು, ಕರಗು ಅಂತ ಮೂರು ಆಜ್ಞೆಗಳನ್ನು ಒಂದೇ ಬಕೆಟ್‌ನಲ್ಲಿ ಕಲಸಿ ಕಳಿಸುವ ಕೆಲಸ ಇದು. ಬಿಸಿ ಹೆಚ್ಚಾದಷ್ಟೂ ಮೂರೂ ಆಜ್ಞೆಗಳು ಒಟ್ಟಿಗೇ ಜಾರಿಯಾಗಲು ನೋಡುತ್ತವೆ.

ಸೀಳು ಮತ್ತೆ ಮುಚ್ಚಿಕೊಳ್ಳದ ಹಾಗೆ ಮರಳು ತುಂಬಿದರೆ ಸಾಕಲ್ವಾ?

ಆಳ ಕಡಿಮೆ ಇದ್ದರೆ ಸಾಕು. ಮಾಮೂಲಿ ಮರಳು ಸುಮಾರು 6,000 ಪಿಎಸ್‌ಐ ತನಕ ತಡೆಯುತ್ತದೆ. ಅದರ ಮೇಲೆ ಪುಡಿಯಾಗುತ್ತದೆ, ಪುಡಿ ಸೀಳನ್ನೇ ಕಟ್ಟಿಬಿಡುತ್ತದೆ. ಆಳದ ಬಾವಿಗೆ ಸೆರಾಮಿಕ್ ಕಾಳು ಬೇಕು, ತೀರಾ ಆಳಕ್ಕೆ ಬಾಕ್ಸೈಟ್ ಸುಟ್ಟು ಮಾಡಿದ ಗುಂಡುಗಳು. ಸೀಳನ್ನು ತೆರೆದಿಡುವ ಈ ಕಾಳುಗಳಿಗೆಲ್ಲ ಪ್ರಾಪಂಟ್ ಅನ್ನುತ್ತಾರೆ. ಒಂದೊಂದು ಕಾಳೂ ಅರ್ಧ ಮಿಲಿಮೀಟರ್ ಆಸುಪಾಸು.

ಬಾವಿಯನ್ನು ಹರಿಸಲು ಶುರು ಮಾಡಿದ ಮೇಲೆ ಕಾಳುಗಳ ಮೇಲಿನ ಭಾರ ಇನ್ನೂ ಏರುತ್ತದೆ ಅನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಸೀಳಿನೊಳಗಿನ ಗ್ಯಾಸ್ ಒತ್ತಡವೂ ಬಂಡೆಯನ್ನು ಎತ್ತಿ ಹಿಡಿದಿರುತ್ತದೆ. ಅದು ಇಳಿದಂತೆ ಪೂರ್ತಿ ಹೊರೆ ಕಾಳಿನ ಮೇಲೆ. ಟೆಸ್ಟ್ ಸಮಯದಲ್ಲಿ ದೊಡ್ಡ ಸಂಖ್ಯೆ ತೋರಿಸುವ ಆಸೆಗೆ ಚೋಕ್ (ಹರಿವನ್ನು ಹಿಡಿತದಲ್ಲಿಡುವ ಕಿರಿದಾದ ತೂತು) ದೊಡ್ಡದಾಗಿ ತೆರೆದು, ಕಷ್ಟಪಟ್ಟು ಮಾಡಿದ ಸೀಳನ್ನು ತಾವೇ ಹಾಳು ಮಾಡಿಕೊಳ್ಳುವುದು ಹೀಗೆ.

ಮುಖ್ಯ ಫ್ರ್ಯಾಕ್‌ಗೆ ಮುಂಚೆ ಚಿಕ್ಕದೊಂದು ಮಾಡುತ್ತಾರಂತೆ, ಯಾಕೆ?

ಅದಕ್ಕೆ ಮಿನಿ-ಫ್ರ್ಯಾಕ್ ಇಲ್ಲವೇ ಡೇಟಾ-ಫ್ರ್ಯಾಕ್ ಅನ್ನುತ್ತಾರೆ. ಕಾಳು ಹಾಕದೆ ಸ್ವಲ್ಪ ದ್ರವ ಪಂಪ್ ಮಾಡಿ, ನಿಲ್ಲಿಸಿ, ಒತ್ತಡ ಇಳಿಯುವುದನ್ನು ನೋಡುವುದು. ಸೀಳು ಯಾವ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ, ದ್ರವ ಎಷ್ಟು ಬೇಗ ಬಂಡೆಗೆ ಸೋರುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ. ಹುಡುಕಾಟದ ಬಾವಿಯಲ್ಲಿ ಪಕ್ಕದ ಬಾವಿಯ ಮಾಹಿತಿ ಇರುವುದಿಲ್ಲ, ಹಾಗಾಗಿ ಇದನ್ನು ಬಿಡುವ ಹಾಗೇ ಇಲ್ಲ.

ಇದನ್ನು ಬಿಟ್ಟರೆ ಏನಾಗಬಹುದು? ಸ್ಕ್ರೀನ್‌ಔಟ್. ದ್ರವ ಲೆಕ್ಕಕ್ಕಿಂತ ಬೇಗ ಸೋರಿದರೆ ಕಾಳು ಸೀಳಿನ ಬಾಯಲ್ಲೇ ಗಡ್ಡೆ ಕಟ್ಟುತ್ತದೆ. ಮೇಲೆ ಒತ್ತಡ ಸೆಕೆಂಡುಗಳಲ್ಲಿ ಸಾವಿರಾರು ಪಿಎಸ್‌ಐ ಜಿಗಿಯುತ್ತದೆ, ಪಂಪ್ ತಾನಾಗಿ ನಿಲ್ಲುತ್ತದೆ. ಐದು ಕಿಲೋಮೀಟರ್ ಪೈಪಿನ ತುಂಬ ಕಾಳು. ಅದನ್ನು ತೊಳೆದು ತೆಗೆಯಲು ದಿನಗಟ್ಟಲೆ ಬೇಕು.

ಬಾವಿ ಟೆಸ್ಟ್ ಹೇಗೆ ನಡೆಯುತ್ತದೆ?

ಇದಕ್ಕೆ ಡ್ರಿಲ್ ಸ್ಟೆಮ್ ಟೆಸ್ಟ್, ಚಿಕ್ಕದಾಗಿ ಡಿಎಸ್‌ಟಿ ಅನ್ನುತ್ತಾರೆ. ಪೈಪಿನ ತುದಿಯಲ್ಲಿ ಕೇಸಿಂಗ್‌ಗೆ (ಬಾವಿಯ ಗೋಡೆಗೆ ಕೂರಿಸಿದ ಉಕ್ಕಿನ ಕೊಳವೆ) ತೂತು ಹೊಡೆಯುವ ಗನ್, ಅದರ ಮೇಲೆ ಪೈಪು-ಕೇಸಿಂಗ್ ನಡುವೆ ಬಿರಡೆಯಂತೆ ಕೂರುವ ಪ್ಯಾಕರ್, ಒತ್ತಡ ಅಳೆಯುವ ಗೇಜುಗಳು, ತೆರೆದು ಮುಚ್ಚುವ ಟೆಸ್ಟರ್ ವಾಲ್ವ್. ತೇಲುವ ರಿಗ್ ಆದರೆ ಕಡಲ ತಳದಲ್ಲಿ ಇನ್ನೊಂದು ವಾಲ್ವ್ ಜೋಡಿ. ಬಿರುಗಾಳಿ ಬಂದರೆ ಬಾವಿ ಮುಚ್ಚಿ, ಪೈಪು ಬಿಡಿಸಿಕೊಂಡು ರಿಗ್ ಸರಿಯಬೇಕಲ್ಲ! ಮೇಲೆ ಬಂದ ಗ್ಯಾಸ್ ಚೋಕ್ ದಾಟಿ, ಹೀಟರ್ ದಾಟಿ, ಸೆಪರೇಟರ್‌ಗೆ ಹೋಗುತ್ತದೆ. ಅಲ್ಲಿ ಗ್ಯಾಸ್, ಎಣ್ಣೆ, ನೀರು ಬೇರೆ ಬೇರೆ ಅಳತೆ. ಕೊನೆಗೆ ಉದ್ದನೆಯ ಬೂಮ್ ತುದಿಯಲ್ಲಿ ಉರಿ.

ಮೊದಲು ಕೆಲವೇ ನಿಮಿಷ ಹರಿಸಿ ಮುಚ್ಚುತ್ತಾರೆ. ಇದು ಬಂಡೆಯ ಮೂಲ ಒತ್ತಡ ತಿಳಿಯಲು. ಆಮೇಲೆ ಬಾವಿ ಸ್ವಚ್ಛವಾಗುವ ತನಕ ಹರಿಸುವುದು, ಆಮೇಲೆ ಮುಖ್ಯ ಹರಿವು, ಕೊನೆಗೆ ಉದ್ದನೆಯ ಮುಚ್ಚು.

ಫ್ರ್ಯಾಕ್ ಮಾಡುವುದಿದ್ದರೆ ಅದರ ಮುಂಚೆ ಒಂದು ಟೆಸ್ಟ್, ನಂತರ ಒಂದು ಟೆಸ್ಟ್. ರಿಗ್ ಬಾಡಿಗೆ ಉಳಿಸಲು ಮೊದಲನೆಯದನ್ನು ಬಿಡುವವರಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. ಮುಂಚಿನ ಅಳತೆ ಇಲ್ಲದಿದ್ದರೆ, ಫ್ರ್ಯಾಕ್‌ನಿಂದ ಆದ ಲಾಭ ಎಷ್ಟು ಅಂತ ಆಮೇಲೆ ಯಾರೂ ಹೇಳಲಾರರು.

ಬಾವಿ ಮುಚ್ಚಿಕೊಂಡು ಗಂಟೆಗಟ್ಟಲೆ ಸುಮ್ನೆ ಕೂರುವುದು ಯಾಕೆ?

ಟೆಸ್ಟಿನ ಜೀವ ಇರುವುದೇ ಅಲ್ಲಿ. ಫೋಟೋದಲ್ಲಿ ಎಲ್ಲರೂ ಉರಿಯುವ ಜ್ವಾಲೆ ನೋಡುತ್ತಾರೆ. ಬಾವಿ ಅರ್ಥ ಮಾಡಿಕೊಳ್ಳುವವರು ನೋಡುವುದು ಮುಚ್ಚಿದ ಮೇಲೆ ಒತ್ತಡ ಏರುವ ರೇಖೆಯನ್ನು. ಅದಕ್ಕೆ ಬಿಲ್ಡ್‌ಅಪ್ ಅನ್ನುತ್ತಾರೆ. ಹರಿಯುವಾಗ ಚೋಕ್, ದ್ರವ, ಏರಿಳಿತ ಎಲ್ಲ ಸೇರಿ ಗೇಜು ತಡಬಡಾಯಿಸುತ್ತದೆ. ಮುಚ್ಚಿದಾಗ ಗದ್ದಲ ನಿಲ್ಲುತ್ತದೆ, ಬಂಡೆ ಒಂದೇ ಮಾತಾಡುತ್ತದೆ.

ಮೊದಲ ನಿಮಿಷಗಳ ರೇಖೆ ಬಾವಿಯ ಪಕ್ಕದ ಹಾನಿ ಮತ್ತು ಸೀಳಿನ ಬಗ್ಗೆ ಹೇಳುತ್ತದೆ. ಮುಂದಿನ ಗಂಟೆಗಳದು ಬಂಡೆಯ ಹರಿಸುವ ಗುಣದ ಬಗ್ಗೆ. ಇನ್ನೂ ತಡವಾಗಿ ಬಂದದ್ದು ನಿಕ್ಷೇಪದ ಅಂಚಿನ ಬಗ್ಗೆ. ಹಾರ್ನರ್ ಹೆಸರಿನ ನಕ್ಷೆ 1951ರಿಂದ ಬಳಕೆಯಲ್ಲಿದೆ, ಈಗ ಅದರ ಜೊತೆಗೆ ಕಂಪ್ಯೂಟರ್ ಮಾದರಿಗಳಿವೆ. ಕ್ವಾರ್ಟ್ಜ್ ಗೇಜು 0.01 ಪಿಎಸ್‌ಐ ಬದಲಾವಣೆಯನ್ನೂ ಹಿಡಿಯುತ್ತದೆ. ಹದಿನೈದು ಸಾವಿರದಲ್ಲಿ ನೂರನೇ ಒಂದು! ಟೆಸ್ಟ್ ಮುಗಿದ ಮೇಲೆ ಒತ್ತಡ ಮೊದಲಿನ ಮಟ್ಟಕ್ಕೆ ವಾಪಸ್ ಬರದಿದ್ದರೆ ಎಲ್ಲರ ಮುಖ ಸಪ್ಪಗಾಗುತ್ತದೆ. ನಿಕ್ಷೇಪ ಚಿಕ್ಕದು ಅನ್ನುವ ಸುಳಿವು ಅದು.

ಬಿಗಿ ಬಂಡೆಯಲ್ಲಿ ಈ ರೇಖೆ ಬಹಳ ನಿಧಾನ. ಸಾಕಷ್ಟು ಕಾಯದಿದ್ದರೆ ಕಾಣುವುದು ಸೀಳು ಮಾತ್ರ, ಬಂಡೆ ಕಾಣುವುದೇ ಇಲ್ಲ.

ಬಿಸಿಗೆ ಮೊದಲು ಕೈಕೊಡುವುದು ಯಾವುದು?

ಉಕ್ಕಲ್ಲ. ರಬ್ಬರ್. ಮಾಮೂಲಿ ನೈಟ್ರೈಲ್ ಸೀಲ್ ಸುಮಾರು 120 ಡಿಗ್ರಿಗೆ ಸೋಲುತ್ತದೆ. ವೈಟಾನ್ ಥರದ್ದು 200ರ ಹತ್ತಿರ ತನಕ ತಡೆಯುತ್ತದೆ. ಒಳಗೆ ಹೀರಿಕೊಂಡ ಗ್ಯಾಸ್, ಒತ್ತಡ ತಟ್ಟನೆ ಇಳಿದಾಗ ಸೀಲನ್ನು ಒಳಗಿನಿಂದಲೇ ಸಿಡಿಸಿಬಿಡುವುದೂ ಉಂಟು.

ಆಮೇಲೆ ಎಲೆಕ್ಟ್ರಾನಿಕ್ಸ್ ಮತ್ತು ಬ್ಯಾಟರಿ. ಆಮೇಲೆ ಗನ್ನಿನ ಮದ್ದು. ಆರ್‌ಡಿಎಕ್ಸ್ ಸುಮಾರು 165 ಡಿಗ್ರಿಯಲ್ಲಿ ಒಂದು ಗಂಟೆ ಮಾತ್ರ ನಂಬಿಕೆಗೆ ಅರ್ಹ. ಟೆಸ್ಟ್ ಪೈಪಿನ ಜೊತೆ ಇಳಿದ ಗನ್ ದಿನಗಟ್ಟಲೆ ಕೆಳಗಿರಬೇಕು. ಹಾಗಾಗಿ ಎಚ್‌ಎನ್‌ಎಸ್ ಥರದ ಬಿಸಿ ತಾಳುವ ಮದ್ದು ಬೇಕು. ಅದು ಆರ್‌ಡಿಎಕ್ಸ್‌ನಷ್ಟು ಜೋರಲ್ಲ, ತೂತು ಅಷ್ಟು ಆಳ ಹೋಗುವುದಿಲ್ಲ. ಒಂದು ಕಡೆ ಗೆದ್ದರೆ ಇನ್ನೊಂದು ಕಡೆ ಬಿಟ್ಟುಕೊಡಬೇಕು.

ಸಿಮೆಂಟಿಗೂ ಇದೇ ಪಾಡು. ಸುಮಾರು 110 ಡಿಗ್ರಿ ದಾಟಿದರೆ ಮಾಮೂಲಿ ಸಿಮೆಂಟ್ ಕಾಲಕ್ರಮೇಣ ಬಲ ಕಳೆದುಕೊಳ್ಳುತ್ತದೆ. ಅದಕ್ಕೆ ಶೇ 35-40ರಷ್ಟು ಸಿಲಿಕಾ ಪುಡಿ ಬೆರೆಸುತ್ತಾರೆ.

ಪೈಪಿನ ಉದ್ದವೂ ನಿಂತಲ್ಲಿ ನಿಲ್ಲುವುದಿಲ್ಲ. ಫ್ರ್ಯಾಕ್ ದ್ರವ ತಣ್ಣಗಿರುತ್ತದೆ. ಐದು ಕಿಲೋಮೀಟರ್ ಉಕ್ಕಿನ ಪೈಪು ಸರಾಸರಿ 60 ಡಿಗ್ರಿ ತಣ್ಣಗಾದರೆ ಸುಮಾರು 3.6 ಮೀಟರ್ ಕುಗ್ಗುತ್ತದೆ. ಮರುದಿನ ಬಿಸಿ ಗ್ಯಾಸ್ ಹರಿಸಿದಾಗ ಅದೇ ಪೈಪು ಉದ್ದವಾಗುತ್ತದೆ. ಪ್ಯಾಕರ್ ಹತ್ತಿರ ಜಾರುವ ಸೀಲ್ ಇಟ್ಟಿದ್ದರೆ ಅದು ಈ ಓಡಾಟವನ್ನೆಲ್ಲ ತಾಳಬೇಕು, ಗಟ್ಟಿಯಾಗಿ ಕಟ್ಟಿದ್ದರೆ ಪೈಪು ಎಳೆತ ತಾಳಬೇಕು. ಟೆಸ್ಟ್ ಮಾತ್ರಕ್ಕೆ ಅಂತ ಲೆಕ್ಕ ಹಾಕಿದ ಪೈಪಿನಲ್ಲಿ ಫ್ರ್ಯಾಕ್ ಮಾಡಬಾರದು ಅನ್ನುವುದು ಇದಕ್ಕೇ.

ಕಡಲಲ್ಲಿ ಅಷ್ಟೊಂದು ಪಂಪ್ ಎಲ್ಲಿ ಇಡುತ್ತಾರೆ?

ಅದಕ್ಕೇ ಅಂತ ಹಡಗುಗಳಿವೆ, ಸ್ಟಿಮ್ಯುಲೇಶನ್ ವೆಸೆಲ್ ಅನ್ನುತ್ತಾರೆ. ಪಂಪು, ಕಾಳು, ರಾಸಾಯನಿಕ ಎಲ್ಲ ಅದರಲ್ಲೇ. ರಿಗ್ ಪಕ್ಕ ನಿಂತು ಬಾಗುವ ಹೋಸ್ ಮೂಲಕ ಪಂಪ್ ಮಾಡುತ್ತದೆ. ಹಡಗು ದೂರ ತೇಲಿದರೆ ಹೋಸ್ ತಕ್ಷಣ ಬಿಡಿಸಿಕೊಳ್ಳುವ ವ್ಯವಸ್ಥೆ ಇರುತ್ತದೆ. ಅಲೆ ಎದ್ದರೆ ಕೆಲಸ ನಿಲ್ಲುತ್ತದೆ, ಬೇರೆ ದಾರಿ ಇಲ್ಲ.

ಶೇಲ್ ಫ್ರ್ಯಾಕಿಂಗ್ ಬಗ್ಗೆ ಇರುವ ಆರೋಪಗಳು ಇದಕ್ಕೂ ಅನ್ವಯಿಸುತ್ತವಾ?

ಸ್ವಲ್ಪ ಮಾತ್ರ. ಶೇಲ್ ಅಂದರೆ ಗಟ್ಟಿಯಾದ ಜೇಡಿಗಲ್ಲು. ಅಲ್ಲಿ ಅಡ್ಡ ಬಾವಿಯಲ್ಲಿ ಹತ್ತಾರು ಹಂತ, ಲಕ್ಷಾಂತರ ಲೀಟರ್‌ಗಳ ಮೇಲೆ ಲಕ್ಷಾಂತರ ಲೀಟರ್ ನೀರು. ಇಲ್ಲಿ ನೆಟ್ಟನೆ ಬಾವಿಯಲ್ಲಿ ಒಂದೆರಡು ಹಂತ. ಕುಡಿಯುವ ನೀರಿನ ಪದರದ ಪ್ರಶ್ನೆ ಬರುವುದಿಲ್ಲ. ಆದರೆ ವಾಪಸ್ ಬರುವ ರಾಸಾಯನಿಕ ನೀರನ್ನು ಕಡಲಿಗೆ ಬಿಡದೆ ಹಿಡಿಯಬೇಕು. ಟೆಸ್ಟ್ ಸಮಯದಲ್ಲಿ ಸುಟ್ಟ ಗ್ಯಾಸಿನ ಹೊಗೆಗೂ ಲೆಕ್ಕ ಇದೆ. ಎಣ್ಣೆ ಸರಿಯಾಗಿ ಉರಿಯದಿದ್ದರೆ ಕಡಲ ಮೇಲೆ ಬೀಳುತ್ತದೆ.

ಅನಾಹುತ ಆದದ್ದಿದೆಯಾ?

ಇದೆ. 1988ರ ಸೆಪ್ಟೆಂಬರ್ 22ರಂದು ಉತ್ತರ ಸಮುದ್ರದಲ್ಲಿ ಓಷನ್ ಒಡಿಸ್ಸಿ ಎಂಬ ರಿಗ್ ಇಂಥದೇ ಹುಡುಕಾಟದ ಬಾವಿ ಕೊರೆಯುತ್ತಿದ್ದಾಗ ಬ್ಲೋಔಟ್ ಆಯಿತು. ರೇಡಿಯೋ ಆಪರೇಟರ್ ಒಬ್ಬರು ಪ್ರಾಣ ಕಳೆದುಕೊಂಡರು. ಅದೇ ಕಡಲಿನ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ 167 ಜನ ಸತ್ತು ಮೂರು ತಿಂಗಳೂ ಆಗಿರಲಿಲ್ಲ. ಸುಟ್ಟ ಆ ರಿಗ್ ಮುಂದೆ ಕಡಲಿನಿಂದ ರಾಕೆಟ್ ಹಾರಿಸುವ ವೇದಿಕೆಯಾಯಿತು, 1999ರಲ್ಲಿ ಮೊದಲ ಉಡಾವಣೆ. 2012ರಲ್ಲಿ ಎಲ್ಜಿನ್‌ನ ಒಂದು ಬಾವಿಯಿಂದ ಸುಮಾರು 7 ವಾರ ಗ್ಯಾಸ್ ಸೋರಿತು. 238 ಜನರನ್ನು ತೆರವು ಮಾಡಿದರು, ಯಾರಿಗೂ ಪೆಟ್ಟಾಗಲಿಲ್ಲ. ಅಲ್ಲಿ ಗ್ಯಾಸ್ ಬಂದದ್ದು ಮುಖ್ಯ ನಿಕ್ಷೇಪದಿಂದಲ್ಲ, ಅದರ ಮೇಲಿನ ಬೇರೆ ಪದರದಿಂದ.

ಮೋಸ ಮಾಡುವ ಒಂದು ಗುಣ ಇಲ್ಲಿ ಹೇಳಲೇಬೇಕು. ಎಣ್ಣೆಯ ಮಡ್ ಬಳಸಿದರೆ, ಆ ಒತ್ತಡದಲ್ಲಿ ಒಳನುಗ್ಗಿದ ಗ್ಯಾಸ್ ಮಡ್‌ನಲ್ಲಿ ಕರಗಿ ಅಡಗಿಕೊಳ್ಳುತ್ತದೆ. ಮೇಲೆ ಟ್ಯಾಂಕಿನಲ್ಲಿ ಮಟ್ಟ ಅಷ್ಟಾಗಿ ಏರುವುದಿಲ್ಲ. ಮೇಲ್ಮೈ ಹತ್ತಿರ ಬಂದಾಗ ಒಮ್ಮೆಲೇ ಗ್ಯಾಸಾಗಿ ಹಿಗ್ಗುತ್ತದೆ, ಆಗ ಇರುವುದು ಸ್ವಲ್ಪವೇ ಹೊತ್ತು.

"ಟೆಸ್ಟ್‌ನಲ್ಲಿ ಇಷ್ಟು ಗ್ಯಾಸ್ ಬಂತು" ಎಂಬ ಸುದ್ದಿಯನ್ನು ಹೇಗೆ ಓದಬೇಕು?

ಸಂಖ್ಯೆ ಒಂದನ್ನೇ ನೋಡಬೇಡಿ. ಯಾವ ಚೋಕ್‌ನಲ್ಲಿ ಅಂತ ಕೇಳಿ. ಕಾಲು ಇಂಚಿನ ತೂತಿನಿಂದ ಬಂದ ಹರಿವಿಗೂ ಒಂದು ಇಂಚಿನದಕ್ಕೂ ಅಜಗಜಾಂತರ. ಹರಿಯುವಾಗ ಒತ್ತಡ ಎಷ್ಟಿತ್ತು, ಸ್ಥಿರವಾಗಿತ್ತಾ ಇಳಿಯುತ್ತಿತ್ತಾ ಅಂತ ಕೇಳಿ. ಎಷ್ಟು ಗಂಟೆ ಹರಿಸಿದರು? ಫ್ರ್ಯಾಕ್ ಮಾಡಿದ ಬಾವಿ ಮೊದಲ ಗಂಟೆಗಳಲ್ಲಿ ಯಾವಾಗಲೂ ಜೋರು, ಯಾಕೆಂದರೆ ಸೀಳಿನ ಪಕ್ಕದ ಗ್ಯಾಸ್ ಮೊದಲು ಖಾಲಿಯಾಗುತ್ತಿರುತ್ತದೆ. ಪಂಪ್ ಮಾಡಿದ ದ್ರವದಲ್ಲಿ ಎಷ್ಟು ಪಾಲು ವಾಪಸ್ ಬಂತು? ಬಿಲ್ಡ್‌ಅಪ್ ಎಷ್ಟು ಹೊತ್ತು? ಈ ಕೊನೆಯ ಪ್ರಶ್ನೆಗೆ ಸುದ್ದಿಯಲ್ಲಿ ಉತ್ತರವೇ ಇಲ್ಲದಿದ್ದರೆ, ಜ್ವಾಲೆಯ ಫೋಟೋ ಎಷ್ಟೇ ದೊಡ್ಡದಿರಲಿ, ಎರಡನೇ ಬಾವಿಯ ಟೆಸ್ಟ್ ಬರುವ ತನಕ ಕಾಯಿರಿ.